ರಾಜಕಾಲುವೆಯ ಅಂಚೂ ನಡುವೂ

ಕೆರೆ, ಏರಿ, ತೂಬು, ಕೋಡಿ ಎಂಬ ಮಾತುಗಳು ಶಾಸನವ್ಯಾಸಂಗಿಗಳಿಗೆ ಚಿರಪರಿಚಿತವಾದವು. ಇವುಗಳ ಕುಲಕ್ಕೇ ಸೇರಿದ ‘ರಾಜಕಾಲುವೆ’ ಎಂಬ ಪದದ ವ್ಯಾಪ್ತಿಯಾದರೋ ಇಂದು ನಿಘಂಟಿನಿಂದಲ್ಲ, ನ್ಯಾಯಸ್ಥಾನಗಳ ತೀರ್ಪಿನಿಂದ ನಿರ್ಣಯವಾಗುತ್ತಿರುವುದು. ಅದನ್ನವಲಂಬಿಸಿ ಮನೆಗಳು ಉಳಿಯುವುದೂ ಉಂಟು, ಬೀಳುವುದೂ ಉಂಟು.

ಬೆಂಗಳೂರಿನ ಪೂರ್ವಭಾಗದ ಹೊರಮಾವು ಇದಕ್ಕೆ ತಕ್ಕ ನಿದರ್ಶನ. ಈ ಪ್ರಾಂತದ ನೀರು ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ಸಾಲನ್ನು ಹಿಡಿದು ದಕ್ಷಿಣ ಪಿನಾಕಿನಿಯನ್ನು ಸೇರತಕ್ಕದ್ದು. ಒಂದರ ಕೋಡಿ ಹರಿದರೆ ಮುಂದಿನದು ತುಂಬುವುದು. ನಡುವಣ ಕಾಲುವೆ ಇಕ್ಕಟ್ಟಾದರೆ ನೀರು ಊರೊಳಗೆ ನಿಲ್ಲುವುದು. 2025ರ ಮೇ ತಿಂಗಳಿನ ಮಳೆಯಲ್ಲಿ ಹೊರಮಾವಿನ ಸಾಯಿ ಬಡಾವಣೆಯು ಜಲಾವೃತವಾದಾಗ, ರೈಲುದಾರಿಯ ಕೆಳಗಣ ಕಿರಿದಾದ ಮೋರಿಯ ವಿಷಯ ಎಲ್ಲರ ಬಾಯಲ್ಲಿಯೂ ಬಂದಿತು.

ಕೆರೆ, ಹಳ್ಳ, ಕಾಲುವೆಗಳು ಅನ್ಯರ ಸ್ವತ್ತೆಂದು ಸಿದ್ಧವಾಗದ ಹೊರತು ಸರ್ಕಾರದ ಸ್ವತ್ತೆಂಬುದು 1964ರ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದ ತಾತ್ಪರ್ಯ. ಮೋಜಣಿಯ ಲೆಕ್ಕದಲ್ಲಿ ಇಂಥ ನೆಲಕ್ಕೆ ‘ಬ ಖರಾಬು’ ಎಂದು ಹೆಸರು. ಸಾಗುವಳಿಗೆ ಒದಗದೆ ಹಿಡುವಳಿಯೊಳಗೇ ಉಳಿದ ‘ಅ ಖರಾಬು’ ಬೇರೆ; ಸಾರ್ವಜನಿಕ ಉಪಯೋಗದ ‘ಬ ಖರಾಬು’ ಬೇರೆ. ಖರಾಬೆಂದರೆ ಕೆಟ್ಟದ್ದು. ಊರಿಗೆ ನೀರುಣಿಸುವ ನೆಲವು ಕಂದಾಯ ಬಾರದ ಕಾರಣದಿಂದ ಕೆಟ್ಟದ್ದೆನಿಸಿಕೊಂಡುದು ವಿಚಿತ್ರವೇ ಸರಿ!

ಇನ್ನು ಕಟ್ಟಡವಿಲ್ಲದೆ ಬಿಡಬೇಕಾದ ಅಂತರದ ಪ್ರಶ್ನೆ. 2007ರಲ್ಲಿ ಅಂಗೀಕೃತವಾದ ನಗರಯೋಜನೆಯು ಕೆರೆಗೆ 30 ಮೀಟರುಗಳನ್ನೂ, ಮೂರು ದರ್ಜೆಯ ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರುಗಳನ್ನೂ ವಿಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ 4ರಂದು ಇವನ್ನು 75 ಮತ್ತು 50, 35, 25 ಮೀಟರುಗಳಾಗಿ ಮಾಡಿತು. ಮೊದಲ ದರ್ಜೆಯ ಕಾಲುವೆಗೆ ಎರಡರಲ್ಲಿಯೂ 50 ಎಂದೇ ಇರುವುದರಿಂದ ಭೇದವಿಲ್ಲವೆಂದು ತೋರಬಹುದು. ಆದರೆ ಯೋಜನೆಯು ಕಾಲುವೆಯ ನಡುವಿನಿಂದ ಅಳೆಯುವುದು. ಮಂಡಳಿಯು ಅಂಚಿನಿಂದ ಅಳೆಯಿತು. ಕಾಲುವೆ 20 ಮೀಟರು ಅಗಲವಿದ್ದರೆ ಒಂದೊಂದು ದಡದಲ್ಲಿಯೂ 10 ಮೀಟರುಗಳ ಅಂತರ ಬೀಳುವುದು. ಶಾಸನಬದ್ಧವಾದ ಯೋಜನೆಯನ್ನು ತಿದ್ದುವ ಅಧಿಕಾರವು ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿ 5ರಂದು ಆ ಸಾಮಾನ್ಯ ನಿಬಂಧನೆಯನ್ನು ರದ್ದುಪಡಿಸಿತು. ನ್ಯಾಯದೃಷ್ಟಿಯಿಂದ ಇದು ಸಮಂಜಸವೇ. ಆದರೆ ಕಾಲುವೆ ಅಗಲವಾದಷ್ಟೂ ದಡದ ರಕ್ಷಣೆ ಕಡಮೆಯಾಗುವ ಅಳತೆಯ ದೋಷವು ಹಾಗೆಯೇ ನಿಂತಿತು.

ಆದುದರಿಂದ ನಿವೇಶನ ಕೊಳ್ಳುವವನಿಗೆ ವಕೀಲನು ಹೇಳಬೇಕಾದ ಬುದ್ಧಿಯು ಖಾತೆ, ಕ್ರಯಪತ್ರಗಳಲ್ಲಿಯೇ ಮುಗಿಯಲಾರದು. ಖಾತೆಯು ತೆರಿಗೆಯ ದಾಖಲೆಯೇ ಹೊರತು ಸ್ವಾಮ್ಯದ ಪ್ರಮಾಣವಲ್ಲ. ಗ್ರಾಮನಕ್ಷೆಯನ್ನೂ, ಆಕಾರಬಂದನ್ನೂ, ಮೂಲ ಟಿಪ್ಪಣಿಯನ್ನೂ ತರಿಸಿ, ಪಾಠಾಂತರಗಳನ್ನು ಹೋಲಿಸುವ ಸಂಪಾದಕನಂತೆ ಒಂದನ್ನೊಂದರೊಡನೆ ಹೋಲಿಸಿ ಓದಬೇಕು. ಹಳೆಯ ಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹಳ್ಳ’ ಎಂದಿದ್ದುದು ಹೊಸದರಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದಾಗಿದ್ದರೆ, ಆ ಹಳ್ಳವು ಎಲ್ಲಿ ಹೋಯಿತೆಂಬುದನ್ನು ಹಣ ಕೊಡುವುದಕ್ಕೆ ಮುಂಚೆಯೇ ಕೇಳತಕ್ಕದ್ದು.