ಮಡ್ಡಿಯ ಮೇಲೆ ಎರಡು ದಿನ: ಕಾಲೇಜು ಮೌಂಟನ್ ಬೈಕ್ ಓಟ

ಮೌಂಟನ್ ಬೈಕ್ ಸ್ಪರ್ಧೆ ಎಂದರೆ ಡಾಂಬರು ಕಾಣದ ದಾರಿಯಲ್ಲಿ ನಡೆಯುವ ಸೈಕಲ್ ಓಟ. ಕಲ್ಲು, ಕೆಸರು, ಮರದ ಬೇರು, ಎದೆಮಟ್ಟದ ಏರು, ಅದಕ್ಕಿಂತ ಕಡಿದಾದ ಇಳಿಜಾರು ಇವನ್ನೆಲ್ಲ ಆಯೋಜಕರು ಹುಡುಕಿ ಹುಡುಕಿ ದಾರಿಯಲ್ಲಿ ಸೇರಿಸುತ್ತಾರೆ. ರಸ್ತೆಯ ಓಟದಲ್ಲಿ ಗುಂಪಿನ ಹಿಂದೆ ಗಾಳಿ ತಪ್ಪಿಸಿಕೊಂಡು ಸಾಗಬಹುದು. ಗುಡ್ಡದ ಓಟದಲ್ಲಿ ಆ ಅನುಕೂಲ ಬಹಳ ಕಡಿಮೆ. ಪ್ರತಿಯೊಬ್ಬರೂ ತಮ್ಮ ಉಸಿರು, ತಮ್ಮ ತೋಳು, ತಮ್ಮ ಸೈಕಲ್ಲನ್ನು ನಂಬಿಯೇ ಹೋಗಬೇಕು.

ಈ ಕ್ರೀಡೆಗೆ ಇನ್ನೂ ಅರ್ಧ ಶತಮಾನದಷ್ಟೇ ವಯಸ್ಸು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರ್‌ನಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಕೆಳಗೆ ಓಡಿಸಿ ಪಂದ್ಯ ಕಟ್ಟಿದರು. ಸುಮಾರು ಮೂರು ಕಿಲೋಮೀಟರಿನಲ್ಲಿ 400 ಮೀಟರ್ ಇಳಿಯುವ ದಾರಿ ಅದು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ ಗಾಲಿಯ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿ, ಪ್ರತಿ ಓಟದ ನಂತರ ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಅದರಿಂದಲೇ. ಅದೇ ಗುಂಪಿನ ಜೋ ಬ್ರೀಜ್ 1977ರಲ್ಲಿ ಇಂಥ ದಾರಿಗೆಂದೇ ಚೌಕಟ್ಟು ಕಟ್ಟಿದರು. 1990ರಲ್ಲಿ ಕೊಲರಾಡೊದ ಡುರಾಂಗೊ ಊರಿನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಓಟ ಸೇರಿತು.

ಕಾಲೇಜುಗಳ ನಡುವಿನ ಓಟ ಬೇರೂರಿದ್ದೂ ಅಮೆರಿಕದಲ್ಲೇ. ಅಲ್ಲಿನ ಪದ್ಧತಿ ಸರಳ. ಶನಿವಾರ ಮತ್ತು ಭಾನುವಾರ ಒಂದು ಕಾಲೇಜು ಆತಿಥ್ಯ ವಹಿಸುತ್ತದೆ, ಸುತ್ತಲಿನ ಕಾಲೇಜುಗಳ ತಂಡಗಳು ಬಂದು ಎರಡು ದಿನದಲ್ಲಿ ಎರಡು, ಮೂರು ಬಗೆಯ ಓಟ ಓಡುತ್ತವೆ. ಉದ್ದದ ಕ್ರಾಸ್ ಕಂಟ್ರಿ, ಚಿಕ್ಕ ಸುತ್ತಿನ ಶಾರ್ಟ್ ಟ್ರ್ಯಾಕ್, ಇಳಿಜಾರಿನ ಡೌನ್‌ಹಿಲ್, ಇಬ್ಬಿಬ್ಬರು ಅಕ್ಕಪಕ್ಕ ಇಳಿಯುವ ಡ್ಯುಯಲ್ ಸ್ಲಾಲಮ್. ಗೆದ್ದವರಿಗೆ ಪದಕ ಸಿಗುತ್ತದೆ ನಿಜ, ಆದರೆ ಲೆಕ್ಕಕ್ಕೆ ಬರುವುದು ತಂಡದ ಅಂಕ. ಹುಡುಗರ ಅಂಕ, ಹುಡುಗಿಯರ ಅಂಕ ಎರಡನ್ನೂ ಕೂಡಿಸುತ್ತಾರೆ. ಹೀಗಾಗಿ ಒಬ್ಬ ಹುಲಿಯಂಥ ಸವಾರ ಇರುವ ಕಾಲೇಜಿಗಿಂತ, ಬಿದ್ದೆದ್ದು ಗೆರೆ ಮುಟ್ಟುವ ಆರು ಮಂದಿ ಇರುವ ಕಾಲೇಜು ಮೇಲೆ ಬರುತ್ತದೆ. ಡುರಾಂಗೊದ ಫೋರ್ಟ್ ಲೂಯಿಸ್ ಕಾಲೇಜು ಈ ಕ್ರೀಡೆಯಲ್ಲಿ ಬಹುಕಾಲದಿಂದ ಹೆಸರು ಮಾಡಿದೆ. ಗುಡ್ಡದ ದಾರಿಗಳು ಅದರ ಹಿತ್ತಲಲ್ಲೇ ಇವೆ.

ಇನ್ನು ನಮ್ಮ ಕಡೆಗೆ ಬಂದರೆ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಕ್ರೀಡೆಗೂ ಅಂತರ ಕಾಲೇಜು ಪಂದ್ಯ ನಡೆದು, ಅಲ್ಲಿ ಮಿಂಚಿದವರು ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಂಡು ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುವುದು ರೂಢಿ. ಈ ಭಾಗದಲ್ಲಿ ಸೈಕ್ಲಿಂಗ್ ಎಂದರೆ ಬಹುಮಟ್ಟಿಗೆ ರಸ್ತೆಯ ಓಟ. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳು ರಾಜ್ಯಕ್ಕೆ ಸೈಕ್ಲಿಸ್ಟರನ್ನು ಕೊಡುತ್ತ ಬಂದಿವೆ. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯ ಮಕ್ಕಳೂ ಈ ಕ್ರೀಡೆಯಲ್ಲಿ ಪಳಗಿದವರು. ಕ್ರೀಡಾ ಕೋಟಾದಡಿ ರೈಲ್ವೆಯಲ್ಲಿ ಸಿಗುವ ನೌಕರಿ ರೈತಾಪಿ ಮನೆಗಳ ಹುಡುಗ ಹುಡುಗಿಯರನ್ನು ಸೈಕಲ್ ಏರಿಸಿದ ದೊಡ್ಡ ಕಾರಣ. ಅದರಲ್ಲಿ ತಪ್ಪೇನೂ ಇಲ್ಲ.

ಗುಡ್ಡದ ಓಟವೂ ಉತ್ತರ ಕರ್ನಾಟಕಕ್ಕೆ ಬಂದಿದೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಗದಗದಲ್ಲಿ. ಹಿಮಾಲಯದ ತಪ್ಪಲಲ್ಲೇ ನಡೆಯಬೇಕಾದ ಕ್ರೀಡೆ ಇದು ಎಂದುಕೊಂಡವರಿಗೆ ಬಯಲುಸೀಮೆಯ ಕುರುಚಲು ಗುಡ್ಡ ಸಾಕು ಎಂಬುದು ಅಲ್ಲಿ ತಿಳಿಯಿತು. ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಕಿರಣ್ ಕುಮಾರ್ ರಾಜು ಕೂಡ ಬೆಂಗಳೂರಿನವರು. 2023ರ ಅಕ್ಟೋಬರ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಕೇರಳದ ಪೊನ್ಮುಡಿಯಲ್ಲಿ ನಡೆಯಿತು.

ಎರಡು ದಿನದ ಕಾಲೇಜು ಸ್ಪರ್ಧೆಯ ವಾರಾಂತ್ಯ ಶುಕ್ರವಾರ ಸಂಜೆಯೇ ಶುರುವಾಗುತ್ತದೆ. ಸವಾರರು ದಾರಿಯನ್ನು ಮೊದಲು ನಿಧಾನವಾಗಿ ಒಂದು ಸುತ್ತು ಹೋಗಿ ನೋಡುತ್ತಾರೆ. ಯಾವ ಬಂಡೆಯ ಎಡಕ್ಕೆ ಹೋಗಬೇಕು, ಎಲ್ಲಿ ಇಳಿದು ಓಡಿದರೆ ಲಾಭ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಒಲಿಂಪಿಕ್ ಮಾದರಿಯ ಕ್ರಾಸ್ ಕಂಟ್ರಿಯಲ್ಲಿ ಒಂದು ಸುತ್ತು ಸುಮಾರು 4ರಿಂದ 6 ಕಿ.ಮೀ. ಇರುತ್ತದೆ, ಓಟ ಒಟ್ಟು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕೇಳಲು ಸಣ್ಣದು. ಆದರೆ ಅಷ್ಟು ಹೊತ್ತೂ ಎದೆಬಡಿತ ತುತ್ತತುದಿಯ ಹತ್ತಿರವೇ ಇರುತ್ತದೆ.

ಶನಿವಾರದ ಓಟದ ಹಣೆಬರಹ ಅರ್ಧಕ್ಕರ್ಧ ಮೊದಲ ಎರಡು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಅಗಲವಾದ ಮೈದಾನದಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮುಂದೆ ಒಬ್ಬರೇ ಹೋಗಬಹುದಾದ ಕಾಲುದಾರಿ. ಅದರ ಬಾಯಿಗೆ ಮೊದಲು ತಲುಪದವರು ಹಿಂದೆ ಸಾಲಿನಲ್ಲಿ ಸಿಕ್ಕಿಕೊಂಡು, ಮುಂದಿನವರು ತಡವರಿಸಿದಾಗಲೆಲ್ಲ ಕಾಲು ಕೆಳಗಿಡಬೇಕು. ಆಮೇಲೆ ಬರುವುದು ಇನ್ನೊಂದು ಕಠಿಣ ನಿಯಮ. ಮುಂಚೂಣಿಯ ಸವಾರನ ಮೊದಲ ಸುತ್ತಿನ ಸಮಯದ ಶೇ. 80ರಷ್ಟು ಹಿಂದೆ ಬಿದ್ದವರನ್ನು ಅಂತರರಾಷ್ಟ್ರೀಯ ಓಟದಲ್ಲಿ ತೀರ್ಪುಗಾರರು ದಾರಿಯಿಂದ ತೆಗೆಯುತ್ತಾರೆ. ಮುಂದಿನವರ ಸುತ್ತು 20 ನಿಮಿಷದ್ದಾದರೆ 16 ನಿಮಿಷ ಹಿಂದೆ ಬಿದ್ದವರ ಓಟ ಅಲ್ಲಿಗೆ ಮುಗಿಯಿತು. ಸೈಕಲ್ ಕೆಟ್ಟರೆ ರಿಪೇರಿಗೆ, ನೀರಿಗೆ ಗೊತ್ತುಪಡಿಸಿದ ಜಾಗ ಮಾತ್ರ ಇರುತ್ತದೆ. ಅದರಿಂದ ಎರಡು ಕಿಲೋಮೀಟರ್ ಆಚೆ ಪಂಚರ್ ಆದರೆ ಸವಾರರೇ ಕೂತು ತಿದ್ದಿಕೊಳ್ಳಬೇಕು, ಇಲ್ಲವೇ ಸೈಕಲ್ ಹೆಗಲಿಗೇರಿಸಿ ಓಡಬೇಕು.

ಭಾನುವಾರದ ಶಾರ್ಟ್ ಟ್ರ್ಯಾಕ್ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸುತ್ತೂ ಎರಡು ಕಿಲೋಮೀಟರ್ ದಾಟುವುದಿಲ್ಲ. ನೋಡುವವರಿಗೆ ಇದೇ ಹೆಚ್ಚು ಖುಷಿ, ಏಕೆಂದರೆ ಸವಾರರು ಮತ್ತೆ ಮತ್ತೆ ಕಣ್ಣೆದುರು ಬರುತ್ತಾರೆ. ಓಡುವವರಿಗೆ ಹಾಗಲ್ಲ. ಹಿಂದಿನ ದಿನದ ತರಚು ಗಾಯ ಇನ್ನೂ ಒಣಗಿರುವುದಿಲ್ಲ, ತೊಡೆ ಕಲ್ಲಾಗಿರುತ್ತದೆ, ಹ್ಯಾಂಡಲ್ ಹಿಡಿದ ಅಂಗೈ ಉರಿಯುತ್ತಿರುತ್ತದೆ. ಶನಿವಾರ ರಾತ್ರಿ ಎಷ್ಟು ಅನ್ನ, ಎಷ್ಟು ನಿದ್ದೆ ಎಂಬುದರ ಮೇಲೆ ಭಾನುವಾರದ ಅಂಕ ನಿಂತಿರುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಜೋರಾದ ಶ್ರಮದಲ್ಲಿ ಸುಮಾರು ಒಂದೂವರೆ ಗಂಟೆಗೆ ಬರಿದಾಗುತ್ತ ಬರುತ್ತದೆ. ಅದನ್ನು ಮತ್ತೆ ತುಂಬಲು ಶೇಂಗಾ ಚಿಕ್ಕಿ, ಬಾಳೆಹಣ್ಣು, ಚಿಟಿಕೆ ಉಪ್ಪು ಹಾಕಿದ ಬೆಲ್ಲದ ನೀರು ಸಾಕು. ಪೇಟೆಯ ಬಣ್ಣದ ಪೊಟ್ಟಣಗಳು ಬೇಕೇ ಬೇಕೆಂದೇನಿಲ್ಲ.

ವಾರಾಂತ್ಯ ಎಷ್ಟು ಒರಟಾಗುತ್ತದೆ ಎಂಬುದನ್ನು ನಿರ್ಧರಿಸುವುದು ನೆಲ. ಈ ನಾಲ್ಕು ತಾಲ್ಲೂಕುಗಳಲ್ಲಿ ನೆಲ ಒಂದೇ ತೆರನಾಗಿಲ್ಲ. ಪಡುವಣದ ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿ ಕೆಂಪುಮಣ್ಣು, ಗರಸು. ಮಳೆ ಬಿದ್ದ ಮೇಲೂ ನೀರು ಬೇಗ ಇಂಗುವುದರಿಂದ ಗಾಲಿ ಹೂಳುವುದಿಲ್ಲ. ಒಣಗಿದಾಗ ಮಾತ್ರ ಗರಸಿನ ಸಣ್ಣ ಗುಂಡುಕಲ್ಲುಗಳು ಬೇರಿಂಗಿನ ಗುಂಡುಗಳ ಹಾಗೆ ಉರುಳಿ, ತಿರುವಿನಲ್ಲಿ ಮುಂದಿನ ಗಾಲಿ ಏಕಾಏಕಿ ಜಾರುತ್ತದೆ. ಬೀಳುವವರು ಕೈ ಚಾಚುತ್ತಾರೆ. ಮಣಿಕಟ್ಟು ಅಥವಾ ಕತ್ತಿನ ಕೆಳಗಿನ ಕೊರಳೆಲುಬು ಮುರಿಯುವುದು ಹೆಚ್ಚಾಗಿ ಹೀಗೆಯೇ.

ಬೈಲಹೊಂಗಲದ ಕಡೆ ಹತ್ತಿ, ಜೋಳ, ಕಡಲೆ ಬೆಳೆಯುವ ಎರೆಭೂಮಿ. ಸೈಕಲ್ಲಿಗೆ ಇದರಷ್ಟು ನಿರ್ದಯಿ ನೆಲ ಇನ್ನೊಂದಿಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿಗೆ ಪದರ ಪದರವಾಗಿ ಮೆತ್ತುತ್ತದೆ. ಕೊನೆಗೆ ಗಾಲಿಗೂ ಚೌಕಟ್ಟಿಗೂ ನಡುವೆ ತುರುಕಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. ಹನ್ನೆರಡು ಕಿಲೋ ಸೈಕಲ್ಲಿನ ಮೇಲೆ ನಾಲ್ಕೈದು ಕಿಲೋ ಮಣ್ಣು ಹೊತ್ತು ನಡೆಯುವ ಪಾಡು ಬರುತ್ತದೆ. ಜೋರಾಗಿ ತುಳಿದರೆ ಗೇರು ಬದಲಿಸುವ ಡಿರೈಲರ್ ಮುರಿದು ಹಿಂಗಾಲಿಯ ತಂತಿಗಳಿಗೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರಿದು, ಟೈರು ಇಳಿಯುವಷ್ಟು ಅಗಲದ ಬಿರುಕು ಬಿಡುತ್ತದೆ. ಮಳೆಯಾದ ಮರುದಿನ ಚಕ್ಕಡಿ ದಾರಿಯಲ್ಲಿ ಎತ್ತುಗಳೇ ಹಿಂಜರಿಯುವಾಗ ಸೈಕಲ್ ಓಟ ಮುಂದೂಡುವುದೇ ವಿವೇಕ.

ಸವದತ್ತಿ ಮತ್ತು ರಾಮದುರ್ಗಗಳ ಗುಡ್ಡಗಳದ್ದು ಬೇರೆಯೇ ಕಥೆ. ಇವು ಕಲಾದಗಿ ಶಿಲಾಸಮೂಹದ ಮರಳುಗಲ್ಲು, ಕ್ವಾರ್ಟ್ಜೈಟ್. ಭಾರತದಲ್ಲೇ ಬಹಳ ಹಳೆಯ ಪದರಶಿಲೆಗಳಲ್ಲಿ ಇವೂ ಸೇರಿವೆ. ಮಲಪ್ರಭೆ ಇದೇ ಗಟ್ಟಿ ಕಲ್ಲಿನ ಸಾಲನ್ನು ಸೀಳಿಕೊಂಡು ಹೊರಬರುವ ಇಕ್ಕಟ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟು ಕಟ್ಟಲಾಗಿದೆ. ರಾಮದುರ್ಗದ ಕಡೆ ಸುರೇಬಾನದ ಬಳಿಯ ಶಬರಿಕೊಳ್ಳದಲ್ಲೂ ಇಂಥದೇ ಕಲ್ಲು. ಇದರ ಮೇಲಿನ ಮಡ್ಡಿಯಲ್ಲಿ ನೀರು ನಿಲ್ಲುವುದಿಲ್ಲ, ಕೆಸರಿಲ್ಲ, ಹಿಡಿತ ಚೆನ್ನಾಗಿರುತ್ತದೆ. ಓಟಕ್ಕೆ ನಾಲ್ಕರಲ್ಲಿ ಉತ್ತಮ ನೆಲ ಇದೇ. ಅದರ ಬೆಲೆ ಬೇರೆ ರೀತಿಯಲ್ಲಿ ತೆರಬೇಕು. ಪದರುಗಳು ಮೆಟ್ಟಿಲು ಮೆಟ್ಟಿಲಾಗಿ ಮುರಿದಿದ್ದು ಅಂಚು ಹರಿತವಾಗಿರುತ್ತದೆ. ಗಾಳಿ ಕಡಿಮೆಯಿದ್ದ ಟೈರು ಅಂಚಿಗೆ ಬಡಿದರೆ ಒಳಗಿನ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಜಜ್ಜಿ ಎರಡು ತೂತು ಒಟ್ಟಿಗೇ ಬೀಳುತ್ತವೆ.

ಕಲ್ಲು ಬಿಟ್ಟದ್ದನ್ನು ಮುಳ್ಳು ಮುಗಿಸುತ್ತದೆ. ಜಾಲಿ, ಬಳ್ಳಾರಿ ಜಾಲಿ, ನೆಲಕ್ಕೆ ಹಬ್ಬುವ ನೆಗ್ಗಿಲುಮುಳ್ಳು ಬಯಲುಸೀಮೆಯ ಸವಾರರ ನಿತ್ಯದ ಶತ್ರುಗಳು. ಕೊಲರಾಡೊದ ಒಣನೆಲದಲ್ಲಿ ಅಲ್ಲಿನ ಕಾಲೇಜು ಹುಡುಗರ ಟೈರು ತೂತು ಮಾಡುವುದೂ ಇದೇ ನೆಗ್ಗಿಲು. ಇದಕ್ಕೆ ಇರುವ ಪರಿಹಾರ ಟ್ಯೂಬ್‌ಲೆಸ್ ಟೈರು. ಒಳಗೆ ಹಾಕಿದ ರಬ್ಬರ್ ಹಾಲಿನಂಥ ದ್ರವ ಮುಳ್ಳಿನ ತೂತಿಗೆ ನುಗ್ಗಿ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಟ್ಯೂಬ್ ಜಜ್ಜುವ ಭಯವೂ ಇಲ್ಲದ್ದರಿಂದ ಗಾಳಿಯನ್ನು 20ರಿಂದ 25 ಪಿಎಸ್‌ಐವರೆಗೆ ಇಳಿಸಬಹುದು. ಮೆತ್ತಗಿನ ಟೈರು ಕಲ್ಲನ್ನು ಅಪ್ಪಿಕೊಂಡು ಹಿಡಿತ ಕೊಡುತ್ತದೆ. ರಸ್ತೆ ಓಟದ ಗಟ್ಟಿ ಟೈರಿಗೆ ಒಗ್ಗಿದ ಸವಾರರು ಗುಡ್ಡಕ್ಕೆ ಬಂದಾಗ ಮೊದಲು ಎಡವುವುದು ಇಲ್ಲೇ. ಗಾಳಿ ಗಟ್ಟಿ ಹೊಡೆದುಕೊಂಡು ಬಂದು ಪ್ರತಿ ಕಲ್ಲಿಗೂ ಪುಟಿಯುತ್ತಾರೆ.

ಪೇಟೆಯಲ್ಲಿ ‘ಎಂಟಿಬಿ’ ಎಂಬ ಅಂಟುಚೀಟಿ ಹೊತ್ತ ಅಗ್ಗದ ಸೈಕಲ್ಲುಗಳು ಧಾರಾಳವಾಗಿ ಸಿಗುತ್ತವೆ. ಕಬ್ಬಿಣದ ಭಾರದ ಚೌಕಟ್ಟು, ಹೆಸರಿಗಷ್ಟೇ ಇರುವ ಸಸ್ಪೆನ್ಷನ್. ಶಾಲೆಗೆ ಹೋಗಿಬರಲು ಅವು ಸರಿ, ಕಲ್ಲಿನ ಇಳಿಜಾರಿಗೆ ಅಪಾಯ. ಓಟಕ್ಕೆ ಮುಂಗಾಲಿಯ ಕಡೆ ನಿಜವಾಗಿ ಕೆಲಸ ಮಾಡುವ ಸಸ್ಪೆನ್ಷನ್ ಮತ್ತು ಡಿಸ್ಕ್ ಬ್ರೇಕು ಇರಬೇಕು, ಅಷ್ಟಿದ್ದರೆ ಆರಂಭಕ್ಕೆ ಸಾಕು. ಮಿಕ್ಕದ್ದು ಕಲಿಕೆ. ಇಳಿಯುವಾಗ ಎರಡೂ ಪೆಡಲು ಸಮಮಟ್ಟದಲ್ಲಿರಬೇಕು, ಮೊಳಕೈ ಮಡಚಿರಬೇಕು, ಸೊಂಟ ಸೀಟಿನ ಹಿಂದಕ್ಕೆ ಸರಿಯಬೇಕು, ಕಣ್ಣು ಮುಂದಿನ ಗಾಲಿಯ ಮೇಲಲ್ಲ, ಹತ್ತು ಮೀಟರ್ ಆಚೆ ಇರಬೇಕು. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದವರು ಹ್ಯಾಂಡಲ್ ಮೇಲಿಂದ ಹಾರುತ್ತಾರೆ. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕು ಕವಿದರೂ ಆ ದಿನ ಮತ್ತೆ ಸೈಕಲ್ ಏರಿಸಬಾರದು. ಹುಮ್ಮಸ್ಸಿನ ಹುಡುಗರು ಕೇಳುವುದಿಲ್ಲ, ಆದ್ದರಿಂದ ನಿರ್ಧಾರ ತರಬೇತುದಾರರ ಕೈಯಲ್ಲಿರಬೇಕು.

ಈ ಭಾಗದಲ್ಲಿ ಓಟಕ್ಕೆ ತಕ್ಕ ಕಾಲ ಹಿಂಗಾರಿನ ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ. ಮಾರ್ಚ್ ನಂತರದ ಬಿಸಿಲಿನಲ್ಲಿ ಮಧ್ಯಾಹ್ನದ ಓಟ ಸಲ್ಲದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಚಕ್ಕಡಿ, ಬಸ್ಸು, ಕಾಲ್ನಡಿಗೆಗಳಲ್ಲಿ ಬರುವುದರಿಂದ ಆ ದಿನಗಳನ್ನೂ ಬಿಡಬೇಕು. ಬಿತ್ತಿದ ಹೊಲದ ಒಡ್ಡುಗಳ ಮೇಲೆ ದಾರಿ ಎಳೆಯುವುದಂತೂ ಕೂಡದು. ಮಡ್ಡಿ ಗೋಮಾಳವಾಗಿದ್ದರೆ ಕಂದಾಯ ಇಲಾಖೆಯ, ಅರಣ್ಯವಾಗಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಟ್ರ್ಯಾಕ್ ಸೈಕ್ಲಿಂಗಿಗೆ ಕೋಟಿಗಟ್ಟಲೆ ವೆಚ್ಚದ ವೆಲೊಡ್ರೋಮ್ ಬೇಕು. ಗುಡ್ಡದ ಓಟಕ್ಕೆ ಗೂಟ, ಟೇಪು, ಸುಣ್ಣದ ಗುರುತು, ತಿರುವು ತಿರುವಿಗೊಬ್ಬ ಸ್ವಯಂಸೇವಕ ಇದ್ದರೆ ಆದೀತು. ತುಳಿಯುವ ಕಾಲುಗಳು ಈ ಸೀಮೆಯಲ್ಲಿ ಆಗಲೇ ಇವೆ, ಕೊರತೆ ಇರುವುದು ಇಳಿಯುವ ಅಭ್ಯಾಸದ್ದು. ಮೊದಲ ಸಲ ಇಂಥ ಓಟ ಇಡಲು ಹೊರಟ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಮೂರು ಕಿಲೋಮೀಟರಿನ ಚಿಕ್ಕ ಸುತ್ತು, ಎಲ್ಲರ ತಲೆಗೂ ಹೆಲ್ಮೆಟ್, ದಾರಿಯ ಬದಿಗೆ ಒಂದು ಆಂಬುಲೆನ್ಸ್ ಇಷ್ಟನ್ನು ಮೊದಲು ಖಾತ್ರಿಪಡಿಸಿಕೊಳ್ಳಲಿ. ಟ್ರೋಫಿ, ಬಹುಮಾನದ ಮೊತ್ತ ಆಮೇಲಿನ ಮಾತು.