ಕಾಲಿನ ನೆರವಿಲ್ಲದೆ ವಿಮಾನಯಾನ

ಸೈಕಲ್ಲನ್ನು ಕಾಲಿನಿಂದ ಓಡಿಸುತ್ತೇವೆ, ಕೈಯಿಂದ ತಿರುಗಿಸುತ್ತೇವೆ. ಪುಟ್ಟ ವಿಮಾನದಲ್ಲಿಯೂ ಕೈಕಾಲುಗಳೆರಡಕ್ಕೂ ಕೆಲಸವುಂಟು. ಆದರೆ ಅಲ್ಲಿ ಕಾಲಿನ ಕೆಲಸ ಓಡಿಸುವುದಲ್ಲ, ತಿರುಗಿಸುವುದು. ಹಾಗಿದ್ದರೆ ಕಾಲುಗಳನ್ನು ಕಳೆದುಕೊಂಡವರೂ ಕಾಲಿನ ಸ್ವಾಧೀನ ತಪ್ಪಿದವರೂ ವಿಮಾನ ನಡೆಸಬಲ್ಲರೇ? ನಡೆಸಬಲ್ಲರು, ನಡೆಸುತ್ತಲೂ ಇದ್ದಾರೆ. ಅದು ಹೇಗೆಂಬುದನ್ನು ತಿಳಿಯಲು ವಿಮಾನದಲ್ಲಿ ಕಾಲಿಗಿರುವ ಕೆಲಸವೇನೆಂಬುದನ್ನು ಮೊದಲು ನೋಡೋಣ.

ವಿಮಾನದ ಮೂಗನ್ನು ಮೇಲಕ್ಕೂ ಕೆಳಕ್ಕೂ ಮಾಡಲು ಬಾಲದಲ್ಲಿ ಎಲಿವೇಟರ್ ಎಂಬ ಅಡ್ಡ ಕೀಲುಹಲಗೆ ಇರುತ್ತದೆ. ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಗಳ ಹಿಂದಿನ ಅಂಚಿನಲ್ಲಿ ಏಲೆರಾನ್‌ಗಳಿರುತ್ತವೆ. ಮೂಗನ್ನು ಎಡಬಲಕ್ಕೆ ತಿರುಗಿಸುವುದು ಬಾಲದಲ್ಲಿ ನೆಟ್ಟಗೆ ನಿಂತ ಚುಕ್ಕಾಣಿ. ಮೊದಲೆರಡು ಕೈಯ ವಶ. ಚುಕ್ಕಾಣಿ ಕಾಲಿನ ಪೆಡಲುಗಳ ವಶ.

ವಿಮಾನವು ಎಡಕ್ಕೆ ತಿರುಗಬೇಕೆಂದಿಟ್ಟುಕೊಳ್ಳೋಣ. ಬಲ ರೆಕ್ಕೆಯ ಏಲೆರಾನ್ ಕೆಳಕ್ಕೆ ಬಾಗಿದಾಗ ಆ ರೆಕ್ಕೆಯ ಉತ್ಥಾನಬಲ ಹೆಚ್ಚಿ ಅದು ಮೇಲೇಳುತ್ತದೆ. ಉತ್ಥಾನದೊಡನೆ ಗಾಳಿಯ ಎಳೆತವೂ ಹೆಚ್ಚುವುದರಿಂದ ಅದೇ ರೆಕ್ಕೆ ಹಿಂದೆ ಬೀಳುತ್ತದೆ. ಎಡಕ್ಕೆ ಹೋಗಬೇಕಾದ ವಿಮಾನದ ಮೂಗು ಬಲಕ್ಕೆ ಹೊರಳುತ್ತದೆ! ಈ ಮೊಂಡುತನವನ್ನು ತಿದ್ದುವುದೇ ಕಾಲಿನ ಕೆಲಸ. ಮಂದಗತಿಯಲ್ಲಿ ಮೂಗನ್ನು ಅತಿಯಾಗಿ ಎತ್ತಿ ಚುಕ್ಕಾಣಿಯಲ್ಲಿಯೂ ತಪ್ಪಿದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲೇ ಉತ್ಥಾನವನ್ನು ಕಳೆದುಕೊಳ್ಳುತ್ತದೆ. ವಿಮಾನ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ನೆಲ ಹತ್ತಿರವಿದ್ದರೆ ಚಾಲಕನು ಬದುಕುವುದು ಕಷ್ಟ.

ಇಂಗ್ಲೆಂಡಿನ ಡಗ್ಲಾಸ್ ಬೇಡರ್ 1931ರ ವಿಮಾನಾಪಘಾತದಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡರು. ಕೃತಕ ಕಾಲುಗಳಿಂದ ಹಾರಬಲ್ಲೆನೆಂದು ತೋರಿಸಿದರೂ 1933ರಲ್ಲಿ ವಾಯುಪಡೆ ಅವರನ್ನು ನಿವೃತ್ತಿಗೊಳಿಸಿತು. 1939ರಲ್ಲಿ ಯುದ್ಧ ಬಂದಾಗ ಮರಳಿ ಸೇರಿಸಿಕೊಂಡಿತು. ಆ ಕಾಲುಗಳಿಂದಲೇ ಪೆಡಲು ತುಳಿದು ಅವರು ಯುದ್ಧವಿಮಾನ ನಡೆಸಿದರು. ಇಲ್ಲಿ ಮನುಷ್ಯನು ಯಂತ್ರಕ್ಕೆ ಹೊಂದಿಕೊಂಡನು. ಯಂತ್ರವೇ ಮನುಷ್ಯನಿಗೆ ಏಕೆ ಹೊಂದಿಕೊಳ್ಳಬಾರದು?

ಅಂತಹ ಯಂತ್ರವೊಂದು ಬೇರೆಯೇ ಉದ್ದೇಶದಿಂದ ಹುಟ್ಟಿತು. ಅಮೆರಿಕದ ಫ್ರೆಡ್ ವೀಕ್ ರೂಪಿಸಿದ ಎರ್ಕೂಪ್ ವಿಮಾನ 1937ರಲ್ಲಿ ಮೊದಲು ಹಾರಿತು. ಬುಗುರಿಯಂತೆ ಸುತ್ತಿ ಬೀಳುವ ಅಪಾಯವನ್ನು ತಪ್ಪಿಸುವುದು ವೀಕರ ಗುರಿಯಾಗಿತ್ತು. ಅದಕ್ಕಾಗಿ ಅವರು ಎಲಿವೇಟರಿನ ಮೇಲ್ಚಲನೆಗೆ ಮಿತಿಯನ್ನಿಟ್ಟರು. ಏಲೆರಾನುಗಳನ್ನೂ ಚುಕ್ಕಾಣಿಯನ್ನೂ ಒಂದೇ ಕೈಚಕ್ರಕ್ಕೆ ಜೋಡಿಸಿದರು. ಪೆಡಲುಗಳು ತಾವಾಗಿ ಮಾಯವಾದವು.

ಪೆಡಲಿಲ್ಲದೆ ಅಡ್ಡಗಾಳಿಯಲ್ಲಿ ಇಳಿಯುವುದು ಹೇಗೆ? ಗಾಳಿ ತಳ್ಳದಂತೆ ವಿಮಾನವು ಓರೆಯಾಗಿಯೇ ಬರಬೇಕಾಗುತ್ತದೆ. ಬೇರೆ ವಿಮಾನದ ಚಾಲಕನು ನೆಲ ಮುಟ್ಟುವ ಮುನ್ನ ಚುಕ್ಕಾಣಿಯಿಂದ ಅದನ್ನು ನೇರಮಾಡುತ್ತಾನೆ; ಎರ್ಕೂಪ್ ಓರೆಯಾಗಿಯೇ ನೆಲ ಮುಟ್ಟುತ್ತದೆ. ಅದರ ಗುರುತ್ವಕೇಂದ್ರ ಪ್ರಧಾನ ಗಾಲಿಗಳಿಗಿಂತ ಮುಂದಿದೆ. ಘರ್ಷಣೆ ಗಾಲಿಗಳನ್ನು ಹಿಂದಕ್ಕೆಳೆಯುತ್ತದೆ, ಜಡತ್ವ ಗುರುತ್ವಕೇಂದ್ರವನ್ನು ಮುಂದಕ್ಕೊಯ್ಯುತ್ತದೆ. ಇದರಿಂದ ಉಂಟಾಗುವ ಭ್ರಾಮಕವು ಮೂಗನ್ನು ದಾರಿಗೆ ನೇರವಾಗಿ ತಿರುಗಿಸುತ್ತದೆ. ಕಾಲು ಮಾಡಬೇಕಾದುದನ್ನು ನ್ಯೂಟನ್ನನ ನಿಯಮವೇ ಮಾಡಿತು!

ಹೀಗೆ ಕಾಲಿನ ಬಲವಿಲ್ಲದವರಿಗೂ ಆಕಾಶ ತೆರೆಯಿತು. ಇಷ್ಟೇ ಅಲ್ಲ; ಹುಟ್ಟಿನಿಂದ ತೋಳುಗಳೇ ಇಲ್ಲದ ಅಮೆರಿಕದ ಜೆಸ್ಸಿಕಾ ಕಾಕ್ಸ್ 2008ರಲ್ಲಿ ಚಾಲಕರ ಪರವಾನಗಿ ಪಡೆದದ್ದು ಎರ್ಕೂಪಿನಿಂದಲೇ. ಒಂದು ಪಾದ ಕೈಚಕ್ರದ ಮೇಲೆ, ಇನ್ನೊಂದು ಎಂಜಿನ್ನಿನ ಥ್ರಾಟಲಿನ ಮೇಲೆ. ಪೆಡಲುಗಳಿದ್ದಿದ್ದರೆ ಅವನ್ನು ತುಳಿಯಲು ಪಾದಗಳೇ ಉಳಿಯುತ್ತಿರಲಿಲ್ಲ.

ಪೆಡಲುಳ್ಳ ವಿಮಾನಕ್ಕೂ ಉಪಾಯವುಂಟು. ಪೆಡಲಿಗೆ ಲೋಹದ ದಂಡವೊಂದನ್ನು ಜೋಡಿಸಿದರೆ ಅದನ್ನು ಕೈಯಿಂದ ತಳ್ಳಿ ಎಳೆಯಬಹುದು. ಆಗ ಹಿಡಿ, ಥ್ರಾಟಲ್, ದಂಡ ಹೀಗೆ ಕೆಲಸ ಮೂರು, ಕೈ ಎರಡು. ಯಾವ ಕ್ಷಣದಲ್ಲಿ ಯಾವುದನ್ನು ಬಿಡಬಹುದೆಂಬುದು ಅಭ್ಯಾಸದಿಂದ ಬರಬೇಕು. ಇಂಥವರಿಗೆ ತರಬೇತಿ ಕೊಡುವ ಸಂಸ್ಥೆಗಳು ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಇವೆ.

ಚುಕ್ಕಾಣಿಗೆ ಬೇಕಾದುದು ಬಲ. ಅದು ಕಾಲಿನಿಂದ ಬಂದಿತೋ ಕೈಯಿಂದ ಬಂದಿತೋ ಎಂಬುದನ್ನು ಅದು ಅರಿಯದು. ನಾಳೆ ಯಂತ್ರಗಳನ್ನು ರೂಪಿಸಲಿರುವ ವಿದ್ಯಾರ್ಥಿಗಳು ನಕ್ಷೆಯ ಮೇಲೆ ಪೆಡಲೊಂದನ್ನು ಬರೆಯುವ ಮುನ್ನ, ಅದು ಅಲ್ಲಿ ಇರಲೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಲಿ.