ಕಾಳು ಆರಿಸಿದಂತೆ ತೋಟಾ

ಇಬ್ರಾಹಿಂಪುರದ ಅಂಗಳಗಳಲ್ಲಿ ಮೊರ ಹಿಡಿದು ಜೋಳ ಹಸನು ಮಾಡುವವರನ್ನು ಕಂಡವರಿಗೆ ರೈಫಲ್ ಸ್ಪರ್ಧಾಳುಗಳ ಒಂದು ಅಭ್ಯಾಸ ವಿಚಿತ್ರವೆನಿಸಲಾರದು. ಅವರೂ ಮೇಜಿನ ಮೇಲೆ ತೋಟಾಗಳನ್ನು ಸುರಿದುಕೊಂಡು, ಒಂದೊಂದನ್ನೇ ತೂಗಿ, ಅಳೆದು, ಗುಂಪು ಗುಂಪಾಗಿ ಬೇರ್ಪಡಿಸುವುದುಂಟು.

ಈ ಊರಿಗೂ ಮದ್ದುಗುಂಡಿಗೂ ಹಳೆಯ ನಂಟು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ವಿಜಯಪುರದ ಪಡುವಣ ಕೋಟೆಗೋಡೆಯ ಬುರುಜಿನ ಮೇಲೆ ಇಂದಿಗೂ ಮಲಗಿದೆ. ತೂಕ ಸುಮಾರು 55 ಟನ್ನು. ಅದರ ಬಾಯಿಗೆ ತಾಮ್ರದ ನಾಣ್ಯಗಳನ್ನೇ ತುಂಬಿ ಹಾರಿಸಿದರೆಂದು ಪ್ರತೀತಿ. ಅಂಥ ತೋಪಿಗೆ ಗುರಿಯ ಚಿಂತೆ ಎಲ್ಲಿಯದು! ಪಾಯಿಂಟ್ ಟೂಟೂ ರೈಫಲಿನ ಪಾಡು ಬೇರೆ. 50 ಮೀಟರ್ ಆಚೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರು, ಅಂಗಿಯ ಗುಂಡಿಯಷ್ಟು.

ಈ ತೋಟಾದ ಸ್ಫೋಟಕ ಲೇಪ ಹಿತ್ತಾಳೆಯ ಕೊಳವೆಯ ಬುಡದಂಚಿನ ಮಡಿಕೆಯೊಳಗಿರುತ್ತದೆ. ರೈಫಲಿನ ಮೊಳೆ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಅಂಚಿನ ದಪ್ಪ ಹೆಚ್ಚುಕಡಿಮೆಯಾದರೆ ಪೆಟ್ಟು ಒಂದೇ ತೆರನಾಗಿ ಬೀಳದು, ಮದ್ದೂ ಒಂದೇ ತೆರನಾಗಿ ಉರಿಯದು. ಗುಂಡಿನ ವೇಗ ಸೆಕೆಂಡಿಗೆ 330 ಮೀಟರಿನ ಆಸುಪಾಸು. ಅದರಲ್ಲಿ ನೂರಕ್ಕೊಂದು ಪಾಲು ತಗ್ಗಿದರೂ ಗುಂಡು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚೇ ಕೆಳಗಿಳಿದೀತು. ಬಿಚ್ಚಿ ಮದ್ದು ತುಂಬಿಕೊಳ್ಳೋಣವೆಂದರೆ ಈ ಜಾತಿಯ ತೋಟಾಕ್ಕೆ ಅದು ಸಲ್ಲದು. ಉಳಿದದ್ದು ಆರಿಸುವುದೊಂದೇ.

ಆದರೆ ತಕ್ಕಡಿ ಹೇಳುವುದೆಷ್ಟು? ಸೀಸದ ಗುಂಡು ಸುಮಾರು 2.6 ಗ್ರಾಮು, ಮದ್ದು ಅದರ ಇಪ್ಪತ್ತರಲ್ಲೊಂದು ಪಾಲೂ ಇರದು. ತೂಕದ ಅಂತರ ಸೀಸದ್ದೋ, ಹಿತ್ತಾಳೆಯದೋ, ಮದ್ದಿನದೋ, ತಕ್ಕಡಿ ಬಾಯಿಬಿಡದು. ಅಗ್ಗದ ಪೆಟ್ಟಿಗೆಯಿಂದ ತೀರ ಹಗುರವಾದ, ತೀರ ಭಾರವಾದ ನಾಲ್ಕಾರನ್ನು ತೆಗೆದಿಟ್ಟರೆ ಎಲ್ಲಿಗೋ ಹಾರುವ ಗುಂಡುಗಳು ಕಡಿಮೆಯಾದಾವು. ಸ್ಪರ್ಧೆಗೆಂದೇ ಮಾಡಿದ ದುಬಾರಿ ತೋಟಾವನ್ನು ಮತ್ತೆ ಆರಿಸುವುದು, ನನ್ನ ಎಣಿಕೆಯಲ್ಲಿ, ಹಸನಾದ ಜೋಳವನ್ನು ಪುನಃ ಮೊರಕ್ಕೆ ಹಾಕಿದಂತೆ. ಬಲ್ಲವರ ಹಾದಿ ಬೇರೆ. ಕಾರ್ಖಾನೆಯ ಬೇರೆ ಬೇರೆ ಲಾಟುಗಳ ತೋಟಾಗಳನ್ನು, ತಮ್ಮದೇ ನಳಿಗೆಯನ್ನು ಅಲುಗದಂತೆ ಬಿಗಿದು, ಹಾರಿಸಿ ನೋಡುತ್ತಾರೆ. ಹೊಂದಿದ ಲಾಟನ್ನೇ ಕೊಳ್ಳುತ್ತಾರೆ. ಒಂದು ನಳಿಗೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ಇಂಗ್ಲೆಂಡಿನ ಏಲಿ, ಫಿನ್ಲೆಂಡಿನ ಲಾಪುವಾ ಕಂಪನಿಗಳು ಇದಕ್ಕೆಂದೇ ಪರೀಕ್ಷಾಶಾಲೆಗಳನ್ನು ಇಟ್ಟಿವೆ.

ಇದು ಹಣವಿದ್ದವರ ಮಾತಾಯಿತು ಎಂದೀರಿ. ನಿಜ. ಆದರೆ ಸೋಲು ಗೆಲುವುಗಳ ನಡುವಣ ಎಡೆ ನೋಡಿ: 2012ರ ಲಂಡನ್ ಒಲಿಂಪಿಕ್ಸಿನಲ್ಲಿ, 50 ಮೀಟರ್ ದೂರದ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ, ಜೊಯ್‌ದೀಪ್ ಕರ್ಮಾಕರ್ ಕಂಚನ್ನು 1.9 ಅಂಕದಿಂದ ಕಳೆದುಕೊಂಡರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ, ಅದೇ ದೂರದ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ತಂದರು.

ಎನ್‌ಸಿಸಿಯ ಹುಡುಗನಿಗೆ ಮಾತ್ರ ಕೈಗೆ ಬಂದದ್ದೇ ತೋಟಾ. ಅವನಿಗೆ ಆರಿಸುವ ಆಸೆಯಿದ್ದರೆ ಆರಿಸಿದವು ಐದು, ಆರಿಸದವು ಐದು ಹಾರಿಸಿ ಕಾಗದದ ಮೇಲಿನ ತೂತುಗಳನ್ನು ಅಳೆದು ನೋಡಲಿ. ಬೆಳಗಿನ ಜಾವ ನೋಡಲಿ. ಹೊತ್ತೇರಿದ ಮೇಲೆ ನಮ್ಮ ಬಯಲುಸೀಮೆಯ ಗಾಳಿ ಆ ಲೆಕ್ಕವನ್ನೆಲ್ಲ ಹಾರಿಸಿಕೊಂಡು ಹೋಗುತ್ತದೆ.